ಕಣ್ಣಿಗೊಂದು, ಕ್ಯಾಮೆರಾಗೊಂದು: ಟೆಲಿಸ್ಕೋಪ್ ತಗೊಳ್ಳೋಕೆ ಮುಂಚೆ ಒಂದಿಷ್ಟು ಮಾತು

(ಆಕಾಶ ನೋಡೋ ಹುಚ್ಚು ಹೊಸದಾಗಿ ಹತ್ತಿರೋರಿಗೆ ಅಂತ ಕೊಟ್ಟ ಉಪನ್ಯಾಸ ಇದು. ಬರೆದು ಕೊಡಿ ಅಂತ ಕೆಲವರು ಕೇಳಿದ್ದಕ್ಕೆ ಬರೀತಿದೀನಿ, ಮಾತಾಡಿದ ಧಾಟೀಲೇ ಬಿಟ್ಟಿದೀನಿ, ಕೊನೇಲಿ ಬಂದ ಪ್ರಶ್ನೆಗಳೂ ಇವೆ.)

ಎಲ್ಲರಿಗೂ ನಮಸ್ಕಾರ. ಪೀಠಿಕೆ ಏನೂ ಬೇಡ, ನೇರ ವಿಷಯಕ್ಕೆ ಬರ್ತೀನಿ. ಟೆಲಿಸ್ಕೋಪ್ ತಗೋಬೇಕು ಅಂತ ಬರೋರಲ್ಲಿ ಮುಕ್ಕಾಲು ಪಾಲು ಜನ ಕೇಳೋದು ಒಂದೇ ರೀತಿ, ಶನಿ ಉಂಗುರಾನೂ ಚೆನ್ನಾಗಿ ಕಾಣಬೇಕು, ಗ್ಯಾಲಕ್ಸಿ ಫೋಟೋನೂ ತೆಗೀಬೇಕು, ಎತ್ಕೊಂಡು ಓಡಾಡೋಕೂ ಆಗಬೇಕು, ಒಂದು ಹೆಸರು ಹೇಳಿ ಅಂತ. ನಾನು ಹೆಸರು ಹೇಳಲ್ಲ, ವಾಪಸ್ ಒಂದು ಪ್ರಶ್ನೆ ಕೇಳ್ತೀನಿ. ಟೆಲಿಸ್ಕೋಪ್ ಹಿಂದೆ ಇರೋದು ನಿಮ್ಮ ಕಣ್ಣೋ, ಕ್ಯಾಮೆರಾನೋ? ಎರಡೂ ಅನ್ನೋ ಉತ್ತರ ಬಂದ್ರೆ, ಮೊದಲನೇ ವರ್ಷ ಯಾವುದು ಅಂತ ಮತ್ತೆ ಕೇಳ್ತೀನಿ. ಯಾಕಂದ್ರೆ ಇವೆರಡರದ್ದು ಎತ್ತು ಏರಿಗೆ ಕೋಣ ನೀರಿಗೆ ಅನ್ನೋ ಕಥೆ. ಕಣ್ಣು ಕೇಳೋದು ದೊಡ್ಡ ಕನ್ನಡಿ, ಕ್ಯಾಮೆರಾ ಕೇಳೋದು ಗಟ್ಟಿ ಮೌಂಟು (ಟೆಲಿಸ್ಕೋಪನ್ನ ಹೊತ್ತು ತಿರುಗಿಸೋ ಸ್ಟ್ಯಾಂಡು), ಒಂದೇ ದುಡ್ಡಲ್ಲಿ ಎರಡನ್ನೂ ಒಪ್ಪಿಸೋಕೆ ಹೋದ್ರೆ ಎರಡೂ ಅರೆಬರೆ ಆಗತ್ತೆ.

ಮೊದಲು ಕಣ್ಣಿನ ವಿಷಯ.

ಕತ್ತಲಿಗೆ ಚೆನ್ನಾಗಿ ಒಗ್ಗಿದ ಕಣ್ಣಿನ ಪಾಪೆ ಹೆಚ್ಚೂಕಮ್ಮಿ 7 ಮಿಲಿಮೀಟರ್ ಅಗಲ ತೆರ್ಕೊಳತ್ತೆ, ವಯಸ್ಸಾದ ಹಾಗೆ ಅದೂ ಕಮ್ಮಿ ಆಗತ್ತೆ. 70 ಮಿಮೀ ಲೆನ್ಸು ಅದಕ್ಕಿಂತ 10 ಪಟ್ಟು ಅಗಲ, ಅಂದ್ರೆ 100 ಪಟ್ಟು ಬೆಳಕು ಹಿಡಿಯತ್ತೆ, ಯಾಕಂದ್ರೆ ಲೆಕ್ಕಕ್ಕೆ ಬರೋದು ಅಗಲ ಅಲ್ಲ, ವಿಸ್ತೀರ್ಣ. 200 ಮಿಮೀ ಕನ್ನಡಿ ಆದ್ರೆ ಸುಮಾರು 800 ಪಟ್ಟು. ಈ ಲೆನ್ಸು ಇಲ್ಲಾ ಕನ್ನಡಿಯ ಅಗಲಾನೇ ಅಪರ್ಚರ್ ಅನ್ನೋದು, ಟೆಲಿಸ್ಕೋಪಿನ ಬಗ್ಗೆ ಒಂದೇ ಒಂದು ಸಂಖ್ಯೆ ಕೇಳೋಕೆ ಬಿಟ್ರೆ ಇದನ್ನೇ ಕೇಳಿ. ಬರೀ ಬೆಳಕು ಅಷ್ಟೇ ಅಲ್ಲ, ಸೂಕ್ಷ್ಮ ವಿವರಾನೂ ಇದರ ಮೇಲೇನೇ ನಿಂತಿದೆ. 116ನ್ನ ಮಿಲಿಮೀಟರ್ ಅಪರ್ಚರಿನಿಂದ ಭಾಗಿಸಿದ್ರೆ ಎಷ್ಟು ಹತ್ತಿರ ಇರೋ ಎರಡು ನಕ್ಷತ್ರಗಳನ್ನ ಬೇರೆ ಬೇರೆ ಮಾಡಿ ತೋರಿಸಬಹುದು ಅನ್ನೋದು ಆರ್ಕ್‌ಸೆಕೆಂಡ್ ಲೆಕ್ಕದಲ್ಲಿ (ಒಂದು ಡಿಗ್ರಿಯ 3600ರಲ್ಲಿ ಒಂದು ಪಾಲು) ಬರತ್ತೆ, ಡಾಸ್ ಮಿತಿ ಅಂತಾರೆ ಇದಕ್ಕೆ. 100 ಮಿಮೀಗೆ 1.16, 200 ಮಿಮೀಗೆ 0.58.

ಈಗ ಡಬ್ಬದ ಮೇಲೆ ದೊಡ್ಡ ಅಕ್ಷರದಲ್ಲಿ 525 ಪಟ್ಟು, 675 ಪಟ್ಟು ಅಂತ ಬರೆದಿರ್ತಾರಲ್ಲ, ಅದರ ಕಥೆ. ಮ್ಯಾಗ್ನಿಫಿಕೇಶನ್ ಅನ್ನೋದು ಟೆಲಿಸ್ಕೋಪಿನ ಗುಣಾನೇ ಅಲ್ಲ, ಟೆಲಿಸ್ಕೋಪಿನ ಫೋಕಲ್ ಲೆಂತನ್ನ (ಲೆನ್ಸು ಇಲ್ಲಾ ಕನ್ನಡಿಯಿಂದ ಬೆಳಕು ಒಂದೆಡೆ ಸೇರೋ ಜಾಗಕ್ಕಿರೋ ದೂರ) ಐಪೀಸಿನ, ಅಂದ್ರೆ ಕಣ್ಣಿಡೋ ಕಡೆ ಹಾಕೋ ಸಣ್ಣ ಲೆನ್ಸಿನ, ಫೋಕಲ್ ಲೆಂತಿಂದ ಭಾಗಿಸಿದ್ರೆ ಬರೋ ಉತ್ತರ ಅಷ್ಟೇ. 1200 ಮಿಮೀ ಟೆಲಿಸ್ಕೋಪಿಗೆ 25 ಮಿಮೀ ಐಪೀಸ್ ಹಾಕಿದ್ರೆ 48 ಪಟ್ಟು, 10 ಮಿಮೀ ಹಾಕಿದ್ರೆ 120 ಪಟ್ಟು. ಐಪೀಸ್ ಬದಲಾಯಿಸ್ತಾ, ಬಾರ್ಲೋ (ಇನ್ನೂ ದೊಡ್ಡದು ಮಾಡೋ ಹೆಚ್ಚುವರಿ ಲೆನ್ಸು) ಸೇರಿಸ್ತಾ ಹೋದ್ರೆ ಯಾವ ಟೆಲಿಸ್ಕೋಪಿಂದ ಬೇಕಾದ್ರೂ ಎಷ್ಟು ಬೇಕಾದ್ರೂ ದೊಡ್ಡದು ಮಾಡಬಹುದು, ಆದ್ರೆ ಒಂದು ಮಿಲಿಮೀಟರ್ ಅಪರ್ಚರಿಗೆ ಸುಮಾರು 2 ಪಟ್ಟು ದಾಟಿದ ಮೇಲೆ ಹೊಸ ವಿವರ ಏನೂ ಬರಲ್ಲ, ಇರೋ ಮಸುಕೇ ದೊಡ್ಡದಾಗತ್ತೆ. 60 ಮಿಮೀ ಟೆಲಿಸ್ಕೋಪಿಗೆ 120 ಅಂದ್ರೆ ಅಲ್ಲಿಗೆ ಮುಗೀತು, 525 ಅನ್ನೋದು ಡಬ್ಬಕ್ಕೆ ಮಾತ್ರ. ಇನ್ನು ದೊಡ್ಡ ಟೆಲಿಸ್ಕೋಪ್ ಇದ್ರೂ ಮೇಲಿನ ಗಾಳಿ ಬಿಡಬೇಕಲ್ಲ, ನಕ್ಷತ್ರಗಳು ಜೋರಾಗಿ ಮಿನುಗ್ತಾ ಇವೆ ಅಂದ್ರೆ ಗಾಳಿ ಕಲಕಿದೆ ಅಂತ, ಅಂಥ ರಾತ್ರಿ 150 ಪಟ್ಟು ದಾಟಿಸಿದ್ರೆ ಗುರುಗ್ರಹ ನೀರಿನ ತಳದಲ್ಲಿ ಇದ್ದಂಗೆ ಅಲ್ಲಾಡ್ತಿರತ್ತೆ. ಹಾಗಾಗಿ ಅಂಗಡಿಯವರು ಮ್ಯಾಗ್ನಿಫಿಕೇಶನ್ನಿಂದ ಮಾತು ಶುರು ಮಾಡಿದ್ರೆ ನನಗೆ ಅಲ್ಲೇ ಅನುಮಾನ ಶುರುವಾಗತ್ತೆ.

ಹಾಗಾದ್ರೆ ನಿಜವಾಗಿ ಏನು ಕಾಣತ್ತೆ? ಇದನ್ನ ಮುಂಚೇನೇ ಹೇಳಿಬಿಡಬೇಕು, ಇಲ್ಲಾಂದ್ರೆ ಮೊದಲನೇ ರಾತ್ರೀನೇ ಬೇಜಾರಾಗಿ ಟೆಲಿಸ್ಕೋಪ್ ಮೂಲೆ ಸೇರತ್ತೆ. ಚಂದ್ರನ ಅಗಲ ಆಕಾಶದಲ್ಲಿ ಸುಮಾರು 1800 ಆರ್ಕ್‌ಸೆಕೆಂಡ್. ಗುರು ಹತ್ತಿರ ಇದ್ದಾಗ 40ರಿಂದ 50. ಅಂದ್ರೆ 45 ಪಟ್ಟು ಮಾಡಿದ್ರೆ ಸಾಕು, ಐಪೀಸಲ್ಲಿ ಗುರು ಬರಿಗಣ್ಣಿಗೆ ಚಂದ್ರ ಕಾಣೋಷ್ಟೇ ದೊಡ್ಡದಾಗಿ ಇರತ್ತೆ. ಲೆಕ್ಕ ಪಕ್ಕಾ ಸರಿ, ಆದ್ರೂ ಮೊದಲ ಸಲ ನೋಡೋರೆಲ್ಲ ಇಷ್ಟು ಚಿಕ್ಕದಾ ಅಂತಾರೆ! ಸುತ್ತ ಕಪ್ಪು, ಹೋಲಿಸೋಕೆ ಮರ ಮನೆ ಏನೂ ಇಲ್ಲ, ಕಣ್ಣು ಮೋಸ ಹೋಗತ್ತೆ. ಐದು ನಿಮಿಷ ಕಣ್ಣು ಕೀಳದೆ ನೋಡ್ತಾ ಕೂತ್ರೆ ಮೊದಲು ಎರಡು ಕಂದು ಪಟ್ಟಿ, ಆಮೇಲೆ ಆ ಪಟ್ಟಿಗಳ ಅಂಚು ನೆಟ್ಟಗಿಲ್ಲ ಅನ್ನೋದು, ಪಕ್ಕದಲ್ಲಿ ಸಾಲಾಗಿ ನಾಲ್ಕು ಉಪಗ್ರಹ, 1610ರ ಜನವರೀಲಿ ಗೆಲಿಲಿಯೋ ನೋಡಿದ್ದು ಅದನ್ನೇನೇ, ಅದೂ 20 ಪಟ್ಟು ತೋರಿಸೋ ಸಣ್ಣ ಕೊಳವೇಲಿ. ಶನಿಯ ಉಂಗುರಕ್ಕೆ 25-30 ಪಟ್ಟು ಸಾಕು, ಆದ್ರೆ ಉಂಗುರದ ಮಧ್ಯದ ಕಪ್ಪು ಗೆರೆ, ಕ್ಯಾಸಿನಿ ಡಿವಿಷನ್, ಅದಕ್ಕೆ 80-100 ಮಿಮೀ ಒಳ್ಳೇ ಲೆನ್ಸು ಮತ್ತೆ ಗಾಳಿ ನಿಂತ ರಾತ್ರಿ ಎರಡೂ ಬೇಕು. ಇನ್ನೊಂದು, ಉಂಗುರ ಯಾವಾಗಲೂ ಒಂದೇ ಥರ ತೆರ್ಕೊಂಡಿರಲ್ಲ, 2025ರ ಮಾರ್ಚಲ್ಲಿ ಅಂಚು ನಮ್ಮ ಕಡೆ ತಿರುಗಿ ಬರೀ ಗೆರೆ ಆಗೋಗಿತ್ತು, ಈಗ ವರ್ಷ ವರ್ಷ ಮತ್ತೆ ಅಗಲ ಆಗ್ತಾ ಹೋಗತ್ತೆ. ಮಂಗಳ ಅಂತೂ ಎರಡು ವರ್ಷಕ್ಕೆ ಒಂದ್ಸಲ ಹತ್ತಿರ ಬಂದಾಗ ಮಾತ್ರ ನೋಡೋ ಹಂಗಿರತ್ತೆ, ಉಳಿದ ಟೈಮಲ್ಲಿ ಕೆಂಪು ಚುಕ್ಕೆ.

ಗ್ಯಾಲಕ್ಸಿ, ನೀಹಾರಿಕೆ ವಿಷಯಕ್ಕೆ ಬಂದ್ರೆ ಬಣ್ಣ ಮರ್ತುಬಿಡಿ. ಮಂದ ಬೆಳಕಲ್ಲಿ ಕೆಲಸ ಮಾಡೋ ಕಣ್ಣಿನ ಕೋಶಗಳಿಗೆ ಬಣ್ಣ ಗೊತ್ತಾಗಲ್ಲ, ಅಂತರ್ಜಾಲದಲ್ಲಿ ನೋಡೋ ಗುಲಾಬಿ ನೀಲಿ ಎಲ್ಲ ಕ್ಯಾಮೆರಾ ಗಂಟೆಗಟ್ಟಲೆ ಕೂಡಿಹಾಕಿದ್ದು. ಐಪೀಸಲ್ಲಿ ದೇವಯಾನಿ ಗ್ಯಾಲಕ್ಸಿ ಬೂದು ಮಬ್ಬು, ಆ ಮಬ್ಬು 25 ಲಕ್ಷ ಜ್ಯೋತಿರ್ವರ್ಷ ದೂರದಿಂದ ಬಂದ ಬೆಳಕು ಅಂತ ಗೊತ್ತಿದ್ದು ನೋಡಿದ್ರೆ ಬೇರೆ, ಗೊತ್ತಿಲ್ದೆ ನೋಡಿದ್ರೆ ಲೆನ್ಸ್ ಮೇಲೆ ಉಸಿರು ಬಿದ್ದಂಗಿರತ್ತೆ. ಕತ್ತಲಿಗೆ ಕಣ್ಣು ಒಗ್ಗೋಕೆ 20-30 ನಿಮಿಷ ಬೇಕು, ಮಧ್ಯೆ ಒಂದ್ಸಲ ಮೊಬೈಲ್ ತೆಗೆದು ನೋಡಿದ್ರಿ ಅಂದ್ರೆ ಮತ್ತೆ ಮೊದಲಿಂದ. ಮಬ್ಬಾದ ವಸ್ತೂನ ನೇರ ನೋಡಬೇಡಿ, ಸ್ವಲ್ಪ ಪಕ್ಕಕ್ಕೆ ದೃಷ್ಟಿ ಇಟ್ಟು ಓರೆಗಣ್ಣಲ್ಲಿ ನೋಡಿ, ಅದು ಎದ್ದು ಬರತ್ತೆ. ಇನ್ನು ಬೀದಿದೀಪದ ಕೆಳಗಿನ 200 ಮಿಮೀಗಿಂತ ನಿಜವಾದ ಕತ್ತಲಲ್ಲಿರೋ 80 ಮಿಮೀನೇ ಗ್ಯಾಲಕ್ಸಿಗೆ ವಾಸಿ. ಚಂದ್ರ, ಗ್ರಹ, ಜೋಡಿ ನಕ್ಷತ್ರಗಳಿಗೆ ಮಾತ್ರ ಬೆಳಕಿನ ಮಾಲಿನ್ಯ ಅಷ್ಟು ಬಾಧಿಸಲ್ಲ, ನಗರದಲ್ಲಿರೋರು ಅದನ್ನೇ ಹಿಡ್ಕೋಬಹುದು.

ಇಷ್ಟೆಲ್ಲ ಹೇಳಿದ ಮೇಲೆ, ಕಣ್ಣಿಗೆ ಅಂತ ತಗೊಳ್ಳೋದಾದ್ರೆ ನನ್ನ ಆಯ್ಕೆ 150 ಇಲ್ಲಾ 200 ಮಿಮೀ ಡಾಬ್ಸೋನಿಯನ್. ಕಣ್ಮುಚ್ಚಿ ಹೇಳ್ತೀನಿ. ಇದು ನ್ಯೂಟನ್ 1668ರಲ್ಲಿ ಮಾಡಿದ ಕನ್ನಡಿ ಟೆಲಿಸ್ಕೋಪೇನೇ, ಕೆಳಗಡೆ ಟ್ರೈಪಾಡ್ ಬದಲು ನೆಲದ ಮೇಲೆ ಕೂರೋ ಮರದ ಪೆಟ್ಟಿಗೆ, ಎಡಕ್ಕೆ ಬಲಕ್ಕೆ ಮೇಲೆ ಕೆಳಗೆ ಕೈಯಲ್ಲೇ ತಳ್ಳೋದು. ಇದನ್ನ ಜನಪ್ರಿಯ ಮಾಡಿದ ಜಾನ್ ಡಾಬ್ಸನ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ವೇದಾಂತ ಸೊಸೈಟಿಯ ಮಠದಲ್ಲಿ ಸನ್ಯಾಸಿ ಆಗಿದ್ದವರು, ಹಡಗಿನ ಕಿಟಕಿ ಗಾಜನ್ನ ಕೈಯಲ್ಲೇ ಉಜ್ಜಿ ಉಜ್ಜಿ ಕನ್ನಡಿ ಮಾಡ್ತಿದ್ದರು, ಮಠ ಬಿಟ್ಟ ಮೇಲೆ ಫುಟ್‌ಪಾತಲ್ಲಿ ಟೆಲಿಸ್ಕೋಪ್ ಇಟ್ಟು ದಾರೀಲಿ ಹೋಗೋರನ್ನೆಲ್ಲ ಕರೆದು ಚಂದ್ರನ್ನ ತೋರಿಸ್ತಿದ್ದರು. ಅವರ ಲೆಕ್ಕಾಚಾರ ಸರಳ, ಮೌಂಟಿಗೆ ಸುರಿಯೋ ದುಡ್ಡನ್ನ ಕನ್ನಡಿಗೆ ಹಾಕು. ಕಣ್ಣಿಗೆ ಬೇಕಾಗಿರೋದೂ ಅದೇ ತಾನೇ.

ತೊಂದರೆ ಇಲ್ಲ ಅಂತಲ್ಲ. 200 ಮಿಮೀದು ಪೆಟ್ಟಿಗೆ ಸೇರಿ 20 ಕೆಜಿ ದಾಟತ್ತೆ, ಮೂರನೇ ಮಹಡಿಯಿಂದ ಇಳಿಸಬೇಕಾದವರು ನೂರು ಸಲ ಯೋಚನೆ ಮಾಡಿ. ಕನ್ನಡಿಗಳನ್ನ ಆಗಾಗ ನೇರ ಮಾಡ್ಕೋಬೇಕು, ಕಾಲಿಮೇಶನ್ ಅಂತಾರೆ, ಒಂದ್ಸಲ ಕೈ ಕೂತ್ರೆ ಎರಡು ನಿಮಿಷದ ಕೆಲಸ. ಹೊರಗಡೆ ತಂದ ಮೇಲೆ ಅರ್ಧ ಗಂಟೆ ತಣಿಯೋಕೆ ಬಿಡಬೇಕು, ಇಲ್ಲಾಂದ್ರೆ ಕೊಳವೆ ಒಳಗಿನ ಬಿಸಿ ಗಾಳೀನೇ ಚಿತ್ರ ಕೆಡಿಸತ್ತೆ. ಮತ್ತೆ ಭೂಮಿ ತಿರುಗ್ತಾನೇ ಇರತ್ತಲ್ಲ, ಸಾಮಾನ್ಯ ಐಪೀಸಲ್ಲಿ 200 ಪಟ್ಟಿಗೆ ನೋಡ್ತಿದ್ರೆ ಶನಿ ಒಂದು ಅಂಚಿಂದ ಇನ್ನೊಂದು ಅಂಚಿಗೆ ಒಂದೇ ನಿಮಿಷದಲ್ಲಿ ಓಡಿಹೋಗತ್ತೆ, ಕೈಯಲ್ಲಿ ತಳ್ತಾನೇ ಇರಬೇಕು. ಅದು ಅಭ್ಯಾಸ ಆಗತ್ತೆ, ಹೆದರಬೇಡಿ.

ಡಾಬ್ (ಡಾಬ್ಸೋನಿಯನ್) ದೊಡ್ಡದಾಯ್ತು ಅನ್ನೋರಿಗೆ 70-80 ಮಿಮೀ ಲೆನ್ಸ್ ಟೆಲಿಸ್ಕೋಪ್ ಕೆಟ್ಟದ್ದೇನಲ್ಲ, ಹೊಳೆಯೋ ವಸ್ತುಗಳ ಸುತ್ತ ಸ್ವಲ್ಪ ನೇರಳೆ ಅಂಚು ಕಾಣತ್ತೆ, ಅಷ್ಟೇ. 127 ಮಿಮೀ ಮ್ಯಾಕ್ಸುಟೋವ್ (ಲೆನ್ಸು ಕನ್ನಡಿ ಎರಡೂ ಇರೋ ಗಿಡ್ಡ ಕೊಳವೆ) ಬ್ಯಾಗಲ್ಲಿ ಹಿಡಿಯತ್ತೆ, ಗ್ರಹಕ್ಕೆ ಚೆಂದ, ಆದ್ರೆ ಫೋಕಲ್ ಲೆಂತ್ 1500 ಮಿಮೀ ಆಸುಪಾಸು ಇರೋದ್ರಿಂದ ಆಕಾಶದ ಸಣ್ಣ ತುಂಡೇ ಕಾಣೋದು, ಕೃತ್ತಿಕೆ ಪೂರ್ತಿ ಹಿಡಿಯಲ್ಲ. ಯಾವುದೇ ಆಗ್ಲಿ, ಟ್ರೈಪಾಡ್ ಮೇಲೆ ಕೂರೋದಾದ್ರೆ ಒಂದು ಪರೀಕ್ಷೆ ಮಾಡಿ. 80-100 ಪಟ್ಟಿಗೆ ಒಂದು ನಕ್ಷತ್ರ ಹಿಡಿದು ಕೊಳವೆಗೆ ಬೆರಳಲ್ಲಿ ಮೆತ್ತಗೆ ತಟ್ಟಿ. ನಕ್ಷತ್ರ ನಡುಗಿ ಒಂದೆರಡು ಸೆಕೆಂಡಲ್ಲಿ ನಿಂತ್ರೆ ಒಳ್ಳೇ ಮೌಂಟು, ಐದಾರು ಸೆಕೆಂಡ್ ಕುಣೀತಾನೇ ಇದ್ರೆ ನೀವು ಫೋಕಸ್ ಚಕ್ರ ಮುಟ್ಟಿದಾಗೆಲ್ಲ ಅದೇ ಗತಿ, ಫೋಕಸ್ ಆಯ್ತೋ ಇಲ್ವೋ ಅನ್ನೋದೇ ಗೊತ್ತಾಗಲ್ಲ.

ಒಂದು ಎಚ್ಚರಿಕೆ ಹೇಳ್ಬಿಡ್ತೀನಿ. 114 ಮಿಮೀ ಕನ್ನಡಿ, ಫೋಕಲ್ ಲೆಂತ್ 1000 ಮಿಮೀ ಅಂತ ಬರೆದಿರತ್ತೆ, ಕೊಳವೆ ನೋಡಿದ್ರೆ ಅರ್ಧ ಮೀಟರೂ ಇರಲ್ಲ. ನ್ಯೂಟೋನಿಯನ್ನಲ್ಲಿ, ಅಂದ್ರೆ ನ್ಯೂಟನ್ ಮಾಡಿದ ಥರದ ಕನ್ನಡಿ ಟೆಲಿಸ್ಕೋಪಲ್ಲಿ, ಕೊಳವೆ ಉದ್ದ ಹೆಚ್ಚೂಕಮ್ಮಿ ಫೋಕಲ್ ಲೆಂತಿನಷ್ಟೇ ಇರಬೇಕು. ಇಲ್ಲ ಅಂದ್ರೆ ಫೋಕಸರ್ (ಐಪೀಸ್ ಕೂರಿಸಿ ಫೋಕಸ್ ಮಾಡೋ ಭಾಗ) ಒಳಗೆ ಒಂದು ಲೆನ್ಸ್ ಸೇರಿಸಿ ಉದ್ದ ಮಾಡಿದಾರೆ ಅಂತರ್ಥ, ಬರ್ಡ್-ಜೋನ್ಸ್ ಅನ್ನೋ ವಿನ್ಯಾಸ. ಜಾಗ್ರತೆಯಿಂದ ಮಾಡಿದ್ರೆ ತಪ್ಪಿಲ್ಲ, ಆದ್ರೆ ಅಗ್ಗದ ಮಾದರಿಗಳಲ್ಲಿ ಚಿತ್ರ ಯಾವತ್ತೂ ಚೂಪಾಗಲ್ಲ, ಕಾಲಿಮೇಶನ್ ಮಾಡೋದು ತಲೆನೋವು. ಅದನ್ನ ಬಿಟ್ಟು ಮುಂದೆ ಹೋಗಿ.

ಈಗ ಕ್ಯಾಮೆರಾ. ಇಲ್ಲಿಂದ ಎಲ್ಲ ಉಲ್ಟಾ.

ಆಕಾಶ ಸೆಕೆಂಡಿಗೆ 15 ಆರ್ಕ್‌ಸೆಕೆಂಡ್ ಸರಿಯತ್ತೆ, ಧ್ರುವದ ಹತ್ತಿರ ನಿಧಾನ, ದೂರ ಹೋದಷ್ಟೂ ಪೂರ್ತಿ ವೇಗ. 400 ಮಿಮೀ ಫೋಕಲ್ ಲೆಂತಿನ ಟೆಲಿಸ್ಕೋಪು, 3.76 ಮೈಕ್ರಾನ್ ಪಿಕ್ಸೆಲಿನ ಕ್ಯಾಮೆರಾ ಅಂತ ಇಟ್ಕೊಳ್ಳಿ. ಪಿಕ್ಸೆಲ್ ಅಳತೇನ 206ರಿಂದ ಗುಣಿಸಿ ಫೋಕಲ್ ಲೆಂತಿಂದ ಭಾಗಿಸಿದ್ರೆ ಒಂದು ಪಿಕ್ಸೆಲ್ ಆಕಾಶದಲ್ಲಿ ಎಷ್ಟು ಜಾಗ ನೋಡತ್ತೆ ಅಂತ ಸಿಗತ್ತೆ, ಇಲ್ಲಿ 1.94 ಆರ್ಕ್‌ಸೆಕೆಂಡ್. ಟ್ರ್ಯಾಕಿಂಗ್ (ಆಕಾಶದ ಜೊತೆ ಟೆಲಿಸ್ಕೋಪೂ ತಿರುಗೋದು) ಇಲ್ದೆ ಒಂದೇ ಒಂದು ಸೆಕೆಂಡ್ ಶಟರ್ ತೆರೆದ್ರೆ ನಕ್ಷತ್ರ ಎಂಟು ಪಿಕ್ಸೆಲ್ ಉದ್ದ ಎಳ್ಕೊಂಡು ಹೋಗಿರತ್ತೆ. ನಮಗೆ ಬೇಕಿರೋದು ಒಂದು ಸೆಕೆಂಡಲ್ಲ, ಒಂದು ನಿಮಿಷ, ಎರಡು ನಿಮಿಷದ ಎಕ್ಸ್‌ಪೋಶರು, ಅಂಥವು ನೂರಾರು. ಅಷ್ಟು ಹೊತ್ತು ನಕ್ಷತ್ರ ಚುಕ್ಕೆಯಾಗೇ ಉಳೀಬೇಕಂದ್ರೆ ಕೆಲಸ ಮಾಡೋದು ಲೆನ್ಸಲ್ಲ, ಕೆಳಗಿರೋ ಮೌಂಟು. ಅದಕ್ಕೇ ಫೋಟೋ ತೆಗಿಯೋರು ಬಜೆಟ್ಟಿನ ಅರ್ಧಕ್ಕಿಂತ ಹೆಚ್ಚು ಈಕ್ವಟೋರಿಯಲ್ ಮೌಂಟಿಗೇ (ಭೂಮಿಯ ಅಕ್ಷಕ್ಕೆ ಹೊಂದಿಸಿ ತಿರುಗೋದು) ಹಾಕ್ತಾರೆ, ಅದರ ಮೇಲೆ ಕೂರಿಸೋದು 60-80 ಮಿಮೀ ಪುಟ್ಟ ಈಡಿ (ಬಣ್ಣದ ಅಂಚು ಕಮ್ಮಿ ಮಾಡೋ ವಿಶೇಷ ಗಾಜು) ಲೆನ್ಸ್ ಟೆಲಿಸ್ಕೋಪು. ನೋಡಿದವರು ಇಷ್ಟು ದೊಡ್ಡ ಸ್ಟ್ಯಾಂಡಿಗೆ ಇಷ್ಟು ಚಿಕ್ಕ ಟೆಲಿಸ್ಕೋಪಾ ಅಂತ ನಗ್ತಾರೆ, ನಗಲಿ ಬಿಡಿ.

ಚಿಕ್ಕದು ಸಾಕು ಅನ್ನೋದಕ್ಕೆ ಇನ್ನೊಂದು ಕಾರಣ, ಆಕಾಶದ ಚೆಂದದ ವಸ್ತುಗಳು ಚಿಕ್ಕವಲ್ಲ, ಮಂದ ಅಷ್ಟೇ. ದೇವಯಾನಿ ಗ್ಯಾಲಕ್ಸಿ ಫೋಟೋದಲ್ಲಿ 3 ಡಿಗ್ರಿ ಉದ್ದ ಬರತ್ತೆ, ಆರು ಚಂದ್ರನ್ನ ಸಾಲಾಗಿ ಇಟ್ಟಷ್ಟು. 400 ಮಿಮೀಗೆ ಎಪಿಎಸ್-ಸಿ (ಬಹುಪಾಲು ಡಿಎಸ್ಎಲ್ಆರ್‌ಗಳಲ್ಲಿರೋ ಅಳತೆಯ) ಸೆನ್ಸರ್ ಹಾಕಿದ್ರೆ ಅದು ಸರಿಯಾಗಿ ಹಿಡಿಯತ್ತೆ, ಅದೇ 2000 ಮಿಮೀ ಟೆಲಿಸ್ಕೋಪಲ್ಲಿ ಬರೋದು ನಡುಭಾಗ ಮಾತ್ರ, ಅದರ ಜೊತೆ ಮೌಂಟಿನ ಪ್ರತಿಯೊಂದು ತಪ್ಪೂ ಐದು ಪಟ್ಟು ದೊಡ್ಡದಾಗಿ ಕಾಣತ್ತೆ. ಬಣ್ಣದ ವಿಷಯದಲ್ಲಿ ಕ್ಯಾಮೆರಾ ಕಣ್ಣಿಗಿಂತ ಕಟ್ಟುನಿಟ್ಟು, ಸಾದಾ ಲೆನ್ಸಿನ ನೇರಳೆ ಅಂಚನ್ನ ಕಣ್ಣು ಕ್ಷಮಿಸತ್ತೆ, ಸೆನ್ಸರ್ ಕ್ಷಮಿಸಲ್ಲ, ಈಡಿ ಗಾಜು ಬೇಕು ಅನ್ನೋದು ಅದಕ್ಕೆ.

ಡಾಬ್‌ಗೇ ಮೋಟರ್ ಇದ್ರೆ ಸಾಕಲ್ವಾ ಅಂತ ಕೇಳ್ತಾರೆ. ಕಣ್ಣಿಗೆ ಸಾಕು. ಆದ್ರೆ ಅದು ಮೇಲೆ ಕೆಳಗೆ ಎಡಕ್ಕೆ ಬಲಕ್ಕೆ ಅಂತ ಮೆಟ್ಟಿಲು ಹತ್ತಿದ ಹಾಗೆ ಹಿಂಬಾಲಿಸತ್ತೆ, ನಕ್ಷತ್ರ ಮಧ್ಯದಲ್ಲೇ ಇದ್ರೂ ಸುತ್ತಲಿನ ಚಿತ್ರ ನಿಧಾನಕ್ಕೆ ತಿರುಗ್ತಾ ಹೋಗತ್ತೆ, ಫೀಲ್ಡ್ ರೊಟೇಶನ್ ಅಂತಾರೆ. ಈಕ್ವಟೋರಿಯಲ್ ಮೌಂಟಿನ ಒಂದು ಅಕ್ಷ ಭೂಮಿಯ ಅಕ್ಷಕ್ಕೆ ಸಮಾನಾಂತರ ಇರತ್ತೆ, ಅದೊಂದೇ ತಿರುಗಿದ್ರೆ ಸಾಕು, ಚಿತ್ರ ತಿರುಗಲ್ಲ. ಹಾಗೆ ಕೂರಿಸೋಕೆ ಉತ್ತರಾರ್ಧ ಗೋಳದಲ್ಲಿ ಧ್ರುವ ನಕ್ಷತ್ರ ಇದೆ, ಆದ್ರೆ ಅದು ನಿಜವಾದ ಧ್ರುವದಿಂದ ಅರ್ಧ ಡಿಗ್ರಿಗಿಂತ ಸ್ವಲ್ಪ ಜಾಸ್ತಿ ಪಕ್ಕಕ್ಕಿದೆ, ನೇರ ಅದಕ್ಕೇ ಗುರಿ ಇಟ್ರೆ ಆಗಲ್ಲ. ಸಮಭಾಜಕದ ಹತ್ತಿರ ಇರೋರಿಗೆ ಅದು ದಿಗಂತಕ್ಕೆ ಅಂಟ್ಕೊಂಡಿರತ್ತೆ, ಮರ ಕಟ್ಟಡ ಅಡ್ಡ ಬರತ್ತೆ, ಅಂಥವರಿಗೆ ಕ್ಯಾಮೆರಾ ತೆಗೆದ ಚಿತ್ರದಿಂದಲೇ ಧ್ರುವ ಲೆಕ್ಕ ಹಾಕೋ ಸಾಫ್ಟ್‌ವೇರ್‌ಗಳಿವೆ, ನೀನಾ ಅನ್ನೋ ಉಚಿತ ಸಾಫ್ಟ್‌ವೇರಲ್ಲಿ ಅದಕ್ಕೆ ಪ್ಲಗಿನ್ ಇದೆ.

ಮೌಂಟ್ ಎಷ್ಟು ಹೊರತ್ತೆ ಅಂತ ಕಂಪನಿ ಬರೆದಿರತ್ತಲ್ಲ, ಫೋಟೋಗೆ ಅದರ ಅರ್ಧ ಅಂತ ಇಟ್ಕೊಳ್ಳಿ. ಒಳಗಿನ ಗೇರುಗಳು ಎಷ್ಟೇ ಚೆನ್ನಾಗಿದ್ರೂ ನಕ್ಷತ್ರ ಆ ಕಡೆ ಈ ಕಡೆ ಓಲಾಡ್ತಾ ಇರತ್ತೆ, ಅದನ್ನ ಸರಿ ಮಾಡೋಕೆ ಪಕ್ಕದಲ್ಲಿ ಒಂದು ಸಣ್ಣ ಗೈಡ್ ಟೆಲಿಸ್ಕೋಪು, ಅದಕ್ಕೊಂದು ಕ್ಯಾಮೆರಾ, ಪಿಎಚ್‌ಡಿ2 ಅನ್ನೋ ಉಚಿತ ಸಾಫ್ಟ್‌ವೇರ್ ಒಂದು ನಕ್ಷತ್ರ ಹಿಡ್ಕೊಂಡು ಮೌಂಟಿಗೆ ಕ್ಷಣಕ್ಷಣ ಬುದ್ಧಿ ಹೇಳ್ತಿರತ್ತೆ. ಇಷ್ಟೆಲ್ಲ ಒಂದೇ ದಿನ ಮೈಮೇಲೆ ಹಾಕ್ಕೋಬೇಡಿ. ಈಗಾಗಲೇ ಡಿಎಸ್ಎಲ್ಆರ್ ಇದ್ರೆ ಒಂದು ಸ್ಟಾರ್ ಟ್ರ್ಯಾಕರ್ (ಕ್ಯಾಮೆರಾನ ಆಕಾಶದ ಜೊತೆ ತಿರುಗಿಸೋ ಪುಟ್ಟ ಮೌಂಟು) ತಗೊಂಡು 50 ಇಲ್ಲಾ 135 ಮಿಮೀ ಲೆನ್ಸಲ್ಲಿ ಶುರು ಮಾಡಿ, ಟೆಲಿಸ್ಕೋಪೇ ಬೇಡ. ಫೋಕಲ್ ಲೆಂತ್ ಕಮ್ಮಿ ಇದ್ದಷ್ಟೂ ತಪ್ಪು ಕಾಣೋದು ಕಮ್ಮಿ, ಕ್ಷೀರಪಥ, ಓರಿಯನ್ ಸುತ್ತಲಿನ ಜಾಗ, ಇವಕ್ಕೆಲ್ಲ ಅದೇ ಸರಿಯಾದ ಅಳತೆ. ಒಂದು ಮಾತ್ರ ನೆನಪಿರಲಿ, ಸಾಮಾನ್ಯ ಕ್ಯಾಮೆರಾ ಒಳಗಿರೋ ಫಿಲ್ಟರ್ ನೀಹಾರಿಕೆಗಳ ಕೆಂಪು ಬೆಳಕನ್ನ, 656 ನ್ಯಾನೋಮೀಟರಿನ ಹೈಡ್ರೋಜನ್ ಆಲ್ಫಾನ, ಬಹುಪಾಲು ತಡೆದುಬಿಡತ್ತೆ. ಗ್ಯಾಲಕ್ಸಿ, ನಕ್ಷತ್ರ ಗುಚ್ಛಗಳಿಗೆ ಏನೂ ತೊಂದರೆ ಇಲ್ಲ, ಕೆಂಪು ನೀಹಾರಿಕೆ ಮಾತ್ರ ಸಪ್ಪೆ ಬರತ್ತೆ.

ಆಮೇಲೆ ಕಂಪ್ಯೂಟರ್ ಮುಂದೆ ಕೂರೋದು. ಡೀಪ್‌ಸ್ಕೈಸ್ಟ್ಯಾಕರ್, ಸಿರಿಲ್, ಚಿತ್ರಗಳನ್ನ ಪೇರಿಸೋ ಈ ಸಾಫ್ಟ್‌ವೇರ್ ಎರಡೂ ಉಚಿತ. ಒಂದು ನಿಮಿಷದ 120 ಚಿತ್ರ ಒಂದರ ಮೇಲೊಂದು ಇಟ್ರೆ ಎರಡು ಗಂಟೆ ಬೆಳಕು. ಚಿತ್ರದಲ್ಲಿ ಕಾಳುಕಾಳಾಗಿ ಕಾಣೋ ನಾಯ್ಸ್ ಅರ್ಧ ಆಗಬೇಕಂದ್ರೆ ಚಿತ್ರ ನಾಲ್ಕು ಪಟ್ಟು ಬೇಕು, ಅಂದ್ರೆ ಎರಡು ಗಂಟೆಯಿಂದ ಮುಂದಿನ ಹಂತ ಎಂಟು ಗಂಟೆ. ಈ ಲೆಕ್ಕ ಕೇಳಿದ ಮೇಲೂ ಮುಖದಲ್ಲಿ ಉತ್ಸಾಹ ಉಳಿದಿರೋರು ಖಂಡಿತ ಮಾಡಿ.

ಗ್ರಹಗಳ ಫೋಟೋ ಮಾತ್ರ ಬೇರೆ ಜಾತಿ. ಗ್ರಹ ಹೊಳೆಯತ್ತೆ, ಉದ್ದ ಎಕ್ಸ್‌ಪೋಶರ್ ಬೇಕಾಗಿಲ್ಲ, ಬೇಕಿರೋದು ದೊಡ್ಡ ಅಪರ್ಚರು ಮತ್ತೆ ಸೆಕೆಂಡಿಗೆ ನೂರರ ಆಸುಪಾಸು ಫ್ರೇಮ್ ತೆಗಿಯೋ ಸಣ್ಣ ಕ್ಯಾಮೆರಾ. ಸಾವಿರಾರು ಫ್ರೇಮ್ ತೆಗೆದು ಗಾಳಿ ಒಂದು ಕ್ಷಣ ನಿಂತಾಗ ಬಂದ ಒಳ್ಳೇವನ್ನ ಮಾತ್ರ ಆರಿಸಿ ಸೇರಿಸೋದು, ಆಟೋಸ್ಟ್ಯಾಕರ್ಟ್ ಅನ್ನೋ ಸಾಫ್ಟ್‌ವೇರ್ ಈ ಕೆಲಸ ಮಾಡತ್ತೆ. ಗುರು 10 ಗಂಟೆಗೂ ಕಮ್ಮಿ ಟೈಮಲ್ಲಿ ಒಂದು ಸುತ್ತು ಹಾಕೋದ್ರಿಂದ ಎರಡು ಮೂರು ನಿಮಿಷಕ್ಕಿಂತ ಜಾಸ್ತಿ ವಿಡಿಯೋ ತೆಗೆದ್ರೆ ಮೋಡದ ಪಟ್ಟಿಗಳೇ ಸರಿದು ಕಲಸಿಹೋಗತ್ತೆ. ಇಲ್ಲಿ ಡಾಬ್ ಕೂಡ ಉಪಯೋಗಕ್ಕೆ ಬರತ್ತೆ. ಕಣ್ಣು ಕ್ಯಾಮೆರಾ ಸ್ವಲ್ಪನಾದ್ರೂ ಒಂದೇ ದಾರಿ ಹಿಡಿಯೋದು ಇದೊಂದು ಕಡೆ, ಎರಡೂ ಬೇಕು ಅಂತ ಹಠ ಹಿಡಿಯೋರಿಗೆ ನಾನು ತೋರಿಸೋದು ಇದನ್ನೇ.

ಇನ್ನು ಪ್ರಶ್ನೆಗಳು.

ಸ್ಮಾರ್ಟ್ ಟೆಲಿಸ್ಕೋಪ್ ಹೇಗೆ ಅಂತ ಒಬ್ಬರು ಕೇಳಿದ್ರು. ಸೀಸ್ಟಾರ್ ಎಸ್50 ಥರದವು, 50 ಮಿಮೀ ಲೆನ್ಸು, 250 ಮಿಮೀ ಫೋಕಲ್ ಲೆಂತು, ಮೌಂಟು ಕ್ಯಾಮೆರಾ ಎಲ್ಲ ಒಂದೇ ಡಬ್ಬದಲ್ಲಿ, ಮೊಬೈಲಲ್ಲಿ ಹೆಸರು ಒತ್ತಿದ್ರೆ ತಾನೇ ಹುಡುಕಿ ಚಿತ್ರ ಪೇರಿಸ್ತಾ ಹೋಗತ್ತೆ. ನಗರದ ಮಧ್ಯದಿಂದಲೂ ನೀಹಾರಿಕೆ ಬರತ್ತೆ, ಮುಂಚೆ ವರ್ಷಗಟ್ಟಲೆ ಕಲಿತು ಮಾಡ್ತಿದ್ದ ಕೆಲಸ. ಇದನ್ನ ಆಟದ ಸಾಮಾನು ಅಂತ ಮೂಗು ಮುರಿಯೋರ ಜೊತೆ ನಾನಿಲ್ಲ. ಆದ್ರೆ ಐಪೀಸ್ ಇಲ್ಲ, ನೋಡೋದೆಲ್ಲ ಪರದೆ ಮೇಲೆ, ಗ್ರಹ ಸಾಸಿವೆ ಕಾಳಿನಷ್ಟು. ಶನೀನ ಕಣ್ಣಲ್ಲೇ ನೋಡಬೇಕು ಅನ್ನೋ ಮಗುಗೆ ಇದನ್ನ ಕೊಡಿಸಿದ್ರೆ ಅದು ಬೇರೇನೋ ಕೇಳಿತ್ತು ಅಂತ ಆಗತ್ತೆ.

ಸದ್ಯಕ್ಕೆ ದುಡ್ಡಿಲ್ಲ, ಏನು ಮಾಡೋದು? 10x50 ಬೈನಾಕ್ಯುಲರ್ (10 ಪಟ್ಟು, 50 ಮಿಮೀ ಲೆನ್ಸು), ಜೊತೆಗೆ ಆಕಾಶದ ನಕ್ಷೆ ತೋರಿಸೋ ಸ್ಟೆಲ್ಲೇರಿಯಂ ಸಾಫ್ಟ್‌ವೇರ್. ಕೃತ್ತಿಕೆ ಅಂತೂ ಎಷ್ಟೋ ಟೆಲಿಸ್ಕೋಪಿಗಿಂತ ಬೈನಾಕ್ಯುಲರಲ್ಲೇ ಚೆಂದ. ಗುರುವಿನ ಉಪಗ್ರಹ ಕಾಣತ್ತೆ, ಗೋಡೆಗೆ ಮೊಣಕೈ ಊರಿ ನೋಡಿ.

ಸೂರ್ಯನ್ನ ನೋಡಬಹುದಾ? ಕೊಳವೆಯ ಮುಂಭಾಗಕ್ಕೆ, ಬೆಳಕು ಒಳಗೆ ಹೋಗೋಕೆ ಮುಂಚೇನೇ, ಸೂರ್ಯನಿಗೆ ಅಂತಲೇ ಮಾಡಿದ ಫಿಲ್ಟರ್ ಬಿಗಿಯಾಗಿ ಹಾಕಿದ್ರೆ ಮಾತ್ರ. ಹಳೇ ಟೆಲಿಸ್ಕೋಪ್ ಜೊತೆ ಐಪೀಸಿಗೆ ತಿರುಗಿಸೋ ಸಣ್ಣ ಕಪ್ಪು ಗಾಜು ಬಂದಿದ್ರೆ ಇವತ್ತೇ ಎಸೀರಿ, ಬೆಳಕೆಲ್ಲ ಒಂದೆಡೆ ಸೇರೋ ಜಾಗದಲ್ಲಿ ಅದು ಕೂರೋದು, ಬಿಸಿಗೆ ಪಟ್ ಅಂತ ಸೀಳಿದ್ರೆ ಕಣ್ಣು ಹೋಗತ್ತೆ. ಫೈಂಡರಿಗೂ (ಗುರಿ ಹುಡುಕೋಕೆ ಪಕ್ಕದಲ್ಲಿರೋ ಪುಟ್ಟ ಟೆಲಿಸ್ಕೋಪು) ಮುಚ್ಚಳ ಹಾಕಿ.

ಕೊನೇದು ಸೆಕೆಂಡ್ ಹ್ಯಾಂಡ್ ಬಗ್ಗೆ. ಧಾರಾಳವಾಗಿ ತಗೊಳ್ಳಿ, ಒಳ್ಳೇ ಡಾಬ್ ಹಾಳಾಗೋಕೆ ಅಲ್ಲೇನೂ ಇಲ್ಲ. ಟಾರ್ಚ್ ಹಾಕಿ ಕನ್ನಡಿ ನೋಡಿದ್ರೆ ಯಾವ ಕನ್ನಡೀನಾದ್ರೂ ಭಯಂಕರವಾಗೇ ಕಾಣೋದು, ಧೂಳಿಗೆ ಹೆದರಬೇಡಿ, ಅದು ಚಿತ್ರಕ್ಕೆ ಏನೂ ಮಾಡಲ್ಲ, ಬಟ್ಟೇಲಿ ಒರೆಸಿ ಗೀರು ಮಾಡಿರೋದೇ ಕೆಟ್ಟದ್ದು. ಕನ್ನಡಿ ಲೇಪ ಅಂಚಿನಿಂದ ಕರಗಿ ಹೋಗಿದ್ರೆ, ಲೆನ್ಸ್ ಒಳಗಡೆ ಜೇಡರ ಬಲೆ ಥರ ಫಂಗಸ್ ಇದ್ರೆ ಬೇಡ. ಫೋಕಸರ್ ತುದಿ ತನಕ ತಿರುಗಿಸಿ ನೋಡಿ, ಐಪೀಸ್ ತೂತು 1.25 ಇಂಚು ಇದೆಯಾ ಅಂತ ಅಳೀರಿ, 0.965 ಇಂಚಿನ ಹಳೇದಾದ್ರೆ ಮುಂದೆ ಐಪೀಸ್ ಸಿಗಲ್ಲ. ಆಮೇಲೆ ಮಾರೋರ ಎದುರಿಗೇ ಒಂದು ನಕ್ಷತ್ರಕ್ಕೆ ಫೋಕಸ್ ಮಾಡಿ ಸ್ವಲ್ಪ ಒಳಗೆ ಸ್ವಲ್ಪ ಹೊರಗೆ ತಿರುಗಿಸಿ, ಎರಡೂ ಕಡೆ ದುಂಡನೆ ಬಳೆಗಳು ಒಂದೇ ಥರ ಕಂಡ್ರೆ ಸರಿ, ಒಂದು ಪಕ್ಕಕ್ಕೆ ವಾಲಿದ್ರೆ ಬರೀ ಕಾಲಿಮೇಶನ್, ಫೋಕಸಿನ ಒಂದು ಕಡೆ ಅಡ್ಡ ಅಂಡಾಕಾರ ಇನ್ನೊಂದು ಕಡೆ ಉದ್ದ ಅಂಡಾಕಾರ ಬಂದ್ರೆ ಕನ್ನಡೀಲೇ ಅಥವಾ ಅದನ್ನ ಬಿಗಿದಿರೋ ರೀತೀಲೇ ದೋಷ ಇದೆ, ಕ್ಲಿಪ್ ಸಡಿಲ ಮಾಡಿ ಇನ್ನೊಂದ್ಸಲ ನೋಡಿ, ಆಗಲೂ ಹಂಗೇ ಇದ್ರೆ ಎಷ್ಟೇ ಕಮ್ಮಿಗೆ ಕೊಟ್ರೂ ಬಿಟ್ಟು ಬನ್ನಿ.